ಪ್ಲ್ಯಾಟ್ ನದಿಯ ಬೆನ್ನು ಹಿಡಿದು ರಾಕಿ ಪರ್ವತಕ್ಕೆ

ನೆಬ್ರಾಸ್ಕದ ಐ-80 ಹೆದ್ದಾರಿ ಎಂದರೆ ಮೆಕ್ಕೆಜೋಳದ ಹೊಲ, ಸೋಯಾ ಹೊಲ, ಮತ್ತೆ ಮೆಕ್ಕೆಜೋಳದ ಹೊಲ. ನಿದ್ದೆ ಬರಿಸುವ ದಾರಿ. ಗ್ರ್ಯಾಂಡ್ ಐಲೆಂಡ್ ಹತ್ತಿರವಾದಂತೆ ಪ್ಲ್ಯಾಟ್ ನದಿ ಜೊತೆಗೂಡುತ್ತದೆ. ಅಗಲ ಹೆಚ್ಚು, ಆಳ ಕಡಿಮೆ. ಮರಳು ದಿಬ್ಬಗಳ ನಡುವೆ ಕವಲು ಕವಲಾಗಿ ಹರಿಯುತ್ತದೆ. ನಾವಿರುವ ಒಮಾಹಾದ ನಲ್ಲಿ ನೀರಿನಲ್ಲಿ ಒಂದು ಪಾಲು ಈ ನದಿಯ ದಂಡೆಯ ಬಾವಿಗಳಿಂದ ಬರುವಂಥದ್ದು. ಬೇಸಿಗೆ ರಜೆಗೆ ಎಲ್ಲಿಗೆ ಹೋಗೋಣ ಎಂಬ ಮಾತು ಬಂದಾಗ ನಮ್ಮವರು, "ಕುಡಿಯೋ ನೀರು ಎಲ್ಲಿ ಹುಟ್ಟುತ್ತೆ ಅಂತಾದ್ರೂ ನೋಡ್ಕೊಂಡು ಬರೋಣ ಮಾರಾಯ್ತಿ" ಎಂದರು. ಸಕಲೇಶಪುರ ಕಡೆಯವರಿಗೆ ಹೊಳೆಯ ಬೆನ್ನು ಹತ್ತುವುದು ಹುಟ್ಟುಗುಣ. ಹಾಗೆ ಕೊಲೊರಾಡೊದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ಗೆ ಹೊರಟೆವು.

ನಾರ್ತ್ ಪ್ಲ್ಯಾಟ್ ಎಂಬ ಊರಿನ ಬಳಿ ನದಿಯ ಉತ್ತರ, ದಕ್ಷಿಣ ಕವಲುಗಳು ಕೂಡುತ್ತವೆ. ನಮ್ಮದು ದಕ್ಷಿಣದ ದಾರಿ. ಐ-76ಕ್ಕೆ ತಿರುಗಿ, ಫೋರ್ಟ್ ಮಾರ್ಗನ್ ದಾಟಿ, 34ನೇ ಹೆದ್ದಾರಿ ಹಿಡಿದು ಗ್ರೀಲಿ, ಲವ್‌ಲೆಂಡ್ ಊರುಗಳನ್ನು ಹಾದದ್ದೇ ಬಯಲು ಮುಗಿಯಿತು. ಮುಂದೆ ಬಿಗ್ ಥಾಂಪ್ಸನ್ ಕಣಿವೆ. ಎರಡೂ ಬದಿಗೆ ಬಂಡೆಗೋಡೆ, ನಡುವೆ ಹೊಳೆ, ಹೊಳೆಗೆ ಅಂಟಿಕೊಂಡೇ ರಸ್ತೆ. ದಿಢೀರ್ ಪ್ರವಾಹ ಬಂದರೆ ಕಾರು ಬಿಟ್ಟು ಗುಡ್ಡ ಹತ್ತಿ ಎನ್ನುವ ಫಲಕಗಳು ಅಲ್ಲಲ್ಲಿ ಕಾಣುತ್ತವೆ. 1976ರ ಜುಲೈ 31ರ ರಾತ್ರಿ ಈ ಕಣಿವೆಯಲ್ಲಿ ನುಗ್ಗಿದ ನೀರು 140ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಆ ಫಲಕ ಓದಿದ ಮೇಲೆ ಪಕ್ಕದ ಹೊಳೆಯ ಸದ್ದು ಬೇರೆಯೇ ಕೇಳಿಸತೊಡಗಿತು.

ಎಸ್ಟಿಸ್ ಪಾರ್ಕ್ ಊರಿನಲ್ಲಿ ರಾತ್ರಿ ತಂಗಿದೆವು. ಉದ್ಯಾನದ ಹೆಬ್ಬಾಗಿಲಂತಿರುವ ಈ ಪೇಟೆ ಸುಮಾರು 7,500 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,330 ಅಡಿ. ಬೆಟ್ಟ ಹತ್ತುವ ಮೊದಲೇ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲಿದ್ದೆವು.

ಮರುದಿನ ಬೆಳಗ್ಗೆ ಬೇಗ ಎದ್ದು ಟ್ರೇಲ್ ರಿಡ್ಜ್ ರಸ್ತೆಗೆ ಕಾರು ಹತ್ತಿಸಿದೆವು. 1932ರಲ್ಲಿ ಸಂಚಾರಕ್ಕೆ ತೆರೆದ ಈ ದಾರಿ ಎಸ್ಟಿಸ್ ಪಾರ್ಕ್‌ನಿಂದ ಗ್ರ್ಯಾಂಡ್ ಲೇಕ್‌ವರೆಗೆ 48 ಮೈಲಿ. ಅದರಲ್ಲಿ 11 ಮೈಲಿಯಷ್ಟು ಮರಗಳು ಬೆಳೆಯದ ಎತ್ತರದಲ್ಲಿ ಸಾಗುತ್ತದೆ. ಮೊದಲು ಪೈನ್ ಕಾಡು, ಆಮೇಲೆ ಸ್ಪ್ರೂಸ್, ಫರ್ ಮರಗಳು. ಮೇಲೇರಿದಂತೆ ಮರಗಳು ಕುಳ್ಳಾಗಿ, ಗಾಳಿ ಬೀಸುವ ಕಡೆಯ ಕೊಂಬೆಗಳನ್ನೆಲ್ಲ ಕಳೆದುಕೊಂಡು, ಕೊನೆಗೆ ನೆಲಕ್ಕೇ ಒರಗಿ ಮಾಯವಾದವು. ರಸ್ತೆಯಂಚಿಗೆ ಬಹಳ ಕಡೆ ತಡೆಗೋಡೆಯೇ ಇಲ್ಲ. ಹಿಮ ತೆಗೆಯುವ ಯಂತ್ರಗಳಿಗೆ ದಾರಿಯ ಗುರುತು ಸಿಗಲೆಂದು ನೆಟ್ಟ ಉದ್ದುದ್ದ ಕೋಲುಗಳಷ್ಟೇ ಇವೆ. "ರೀ, ಕಣಿವೆ ನೋಡ್ಬೇಡಿ, ರಸ್ತೆ ನೋಡಿ" ಎನ್ನುತ್ತ ನಾನು ಕಣಿವೆಯನ್ನೇ ನೋಡುತ್ತಿದ್ದೆ.

ರಾಕ್ ಕಟ್ ಎಂಬಲ್ಲಿ ಇಳಿದು ಕಾಲುದಾರಿಯಲ್ಲಿ ನಡೆದೆವು. 12,000 ಅಡಿ ದಾಟಿದ ಆ ಜಾಗದಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಕಾರಿನಲ್ಲಿದ್ದ ಕೋಡುಬಳೆ ಪ್ಯಾಕೆಟ್ ಹೊರಗಿನ ಗಾಳಿಯ ಒತ್ತಡ ಇಳಿದು, ಇನ್ನೇನು ಒಡೆಯುತ್ತದೆ ಎಂಬಷ್ಟು ಉಬ್ಬಿತ್ತು. ದೂರದಿಂದ ಬೋಳಾಗಿ ಕಂಡ ನೆಲವನ್ನು ಬಗ್ಗಿ ನೋಡಿದರೆ ಅಲ್ಲೊಂದು ತೋಟವೇ ಇದೆ. ಮಾಸ್ ಕ್ಯಾಂಪಿಯನ್ ಎಂಬ ಗಿಡ ಅಂಗೈಯಗಲದ ಹಸಿರು ದಿಂಬಿನಂತೆ ನೆಲಕ್ಕೆ ಅಂಟಿಕೊಂಡು ಮೈತುಂಬ ಗುಲಾಬಿ ಹೂ ಬಿಟ್ಟಿತ್ತು. ಹೂವೊಂದು ಮೆಂತ್ಯದ ಎಲೆಗಿಂತ ಚಿಕ್ಕದು. ಬೇಸಿಗೆ ಕೆಲವೇ ವಾರ ಇರುವ ಇಲ್ಲಿ ಈ ಗಿಡ ಮೊದಲ ಹೂ ಬಿಡಲು ಹತ್ತು ವರ್ಷ ಹಿಡಿಯುವುದುಂಟು. ಒಂದು ಬೂಟುಗಾಲು ಅಷ್ಟನ್ನೂ ಅಳಿಸಿಬಿಡಬಲ್ಲದು. ಬಂಡೆ ಸಂದಿಯಿಂದ ಪೈಕಾ ಎಂಬ ಪುಟ್ಟ ಪ್ರಾಣಿ ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಓಡಿತು. ಪಕ್ಕದ ಬಂಡೆಯ ಮೇಲೆ ಮಾರ್ಮಟ್ ಎಂಬ ಇನ್ನೊಂದು ಪ್ರಾಣಿ ಬಿಸಿಲಿಗೆ ಹೊಟ್ಟೆ ಕೊಟ್ಟು ಬಿದ್ದಿತ್ತು. ಮಾರ್ಮಟ್ ಚಳಿಗಾಲವಿಡೀ ನಿದ್ದೆ ಹೋಗುತ್ತದೆ. ಪೈಕಾ ನಿದ್ದೆ ಮಾಡುವುದಿಲ್ಲ, ಅದಕ್ಕೇ ಹುಲ್ಲು ಒಣಗಿಸಿ ಕೂಡಿಡುತ್ತದೆ.

ರಸ್ತೆಯ ಅತಿ ಎತ್ತರದ ಬಿಂದು 12,183 ಅಡಿ. ಅಲ್ಲಿಂದ ಇಳಿದು ಮಿಲ್ನರ್ ಪಾಸ್ ತಲುಪಿದಾಗ ನಾವು ಹುಡುಕಿ ಬಂದದ್ದು ಸಿಕ್ಕಿತು: ಪೂಡರ್ ಲೇಕ್. ಅದರಿಂದ ಹೊರಡುವ ಹೊಳೆ ಗ್ರೀಲಿಯ ಬಳಿ ಸೌತ್ ಪ್ಲ್ಯಾಟ್ ಸೇರುತ್ತದೆ. ಪ್ಲ್ಯಾಟ್ ನದಿ ಒಮಾಹಾದ ತೆಂಕಣಕ್ಕೆ ಮಿಸ್ಸೋರಿಯನ್ನು, ಅದು ಮಿಸಿಸಿಪ್ಪಿಯನ್ನು ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಕೆರೆಯ ಪಕ್ಕದಲ್ಲೇ ಖಂಡದ ಜಲವಿಭಜಕ ರೇಖೆಯ ಫಲಕ. ಅದರಾಚೆ ಬಿದ್ದ ಮಳೆ ಕೊಲೊರಾಡೊ ನದಿಯ ಪಾಲು. ಬಿಸಿಲೆ ಘಾಟಿಯ ನೆತ್ತಿಯಲ್ಲೂ ಇಂಥದ್ದೊಂದು ಏಣು ಇದೆ; ಒಂದು ಬದಿಯ ಮಳೆ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ, ಇನ್ನೊಂದು ಬದಿಯದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ.

ಆದರೆ ಮನುಷ್ಯ ಈ ಗೆರೆಯನ್ನು ಒಪ್ಪಿಕೊಂಡಿಲ್ಲ. ಮುಂದೆ ಫಾರ್‌ವ್ಯೂ ಕರ್ವ್‌ನಲ್ಲಿ ನಿಂತರೆ ಎದುರಿನ ನೆವರ್ ಸಮ್ಮರ್ ಪರ್ವತಸಾಲಿನ ಅಡ್ಡಕ್ಕೆ ಗೀರೊಂದು ಕಾಣುತ್ತದೆ. ಅದು ಗ್ರ್ಯಾಂಡ್ ಡಿಚ್ ಕಾಲುವೆ. 1890ರಲ್ಲಿ ಅಗೆಯಲು ಶುರುಮಾಡಿದ್ದು, 1915ರಲ್ಲಿ ಹುಟ್ಟಿದ ಉದ್ಯಾನಕ್ಕಿಂತ ಹಳೆಯದು. ಪಶ್ಚಿಮದ ಹಿಮನೀರನ್ನು ಹಿಡಿದು, ಆ ಗೆರೆ ದಾಟಿಸಿ, ಪೂರ್ವದ ಹೊಲಗಳಿಗೆ ಕೊಡುತ್ತದೆ. "ಹಾಗಾದ್ರೆ ದಾರಿಯಲ್ಲಿ ನೋಡಿದ ಜೋಳ ಆ ಕಡೆ ನೀರನ್ನೂ ಕುಡಿದಿರ್ಬಹುದು" ಎಂದೆ. ಇವರು ತಲೆಯಾಡಿಸಿದರು.

ಕೆಳಗೆ ಕವುನೀಚಿ ಕಣಿವೆಯಲ್ಲಿ ಕೊಲೊರಾಡೊ ನದಿ ಮೊಣಕಾಲು ಮುಳುಗದಷ್ಟು ತೊರೆ. ಸುಮಾರು 4 ಕೋಟಿ ಜನ ನೆಚ್ಚಿಕೊಂಡಿರುವ ನದಿ ಇದು. ಬಳಸಿ ಬಳಸಿ ಈಗ ಹೆಚ್ಚಿನ ವರ್ಷಗಳಲ್ಲಿ ಸಮುದ್ರವನ್ನೇ ಮುಟ್ಟುವುದಿಲ್ಲ. ದಡದ ವಿಲ್ಲೋ ಪೊದೆಗಳಲ್ಲಿ ಮೂಸ್ ಎಂಬ ದೊಡ್ಡ ಜಾತಿಯ ಜಿಂಕೆಯೊಂದು ಮರಿಯೊಂದಿಗೆ ಮೇಯುತ್ತಿತ್ತು. ನಾವು ದೂರ ನಿಂತು ಮೊಸರನ್ನದ ಡಬ್ಬಿ ಬಿಚ್ಚಿದೆವು.

ಹೋಗುವವರಿಗೆ ಎರಡು ಮಾತು. ಈ ರಸ್ತೆ ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ಈಚಿನ ವರ್ಷಗಳಲ್ಲಿ ಬೇಸಿಗೆಯ ಪ್ರವೇಶಕ್ಕೆ ಸಮಯ ಕಾದಿರಿಸಬೇಕು, ಹೊರಡುವ ಮೊದಲು ಉದ್ಯಾನದ ಜಾಲತಾಣ ನೋಡಿ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಅಲ್ಲಿ ಮಾಮೂಲು. ಬೋಳು ನೆತ್ತಿಯಲ್ಲಿ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ, ಹಾಗಾಗಿ ಬೆಳಗ್ಗೆಯೇ ಹತ್ತಿ ಇಳಿಯಿರಿ. ಫೋಟೊ ಆಸೆಗೆ ಕಾಲುದಾರಿ ಬಿಟ್ಟು ಹೂವಿನ ಮೇಲೆ ಮಾತ್ರ ಕಾಲಿಡಬೇಡಿ.