ಪ್ರಶಸ್ತಿ ಬಂದದ್ದು ನಟರಿಗೆ, ಜನ ಬರುವುದು ಬಂಡೆಗೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಸೀಮೆಯಲ್ಲಿ ವೆಸ್ಟ್ ಬೇ ಎಂಬ ಪುಟ್ಟ ಬಂದರು ಇದೆ. ಬ್ರಿಟ್ ಎಂಬ ಸಣ್ಣ ಹೊಳೆ ಇಲ್ಲಿ ಕಡಲು ಸೇರುತ್ತದೆ. ಒಂದಿಷ್ಟು ಮೀನುಗಾರರ ದೋಣಿಗಳು, ಕರಿದ ಮೀನು-ಆಲೂಗಡ್ಡೆ ಮಾರುವ ಗೂಡಂಗಡಿಗಳು, ಹಾರಿ ಬಂದು ಕೈಯಲ್ಲಿದ್ದ ತಿಂಡಿ ಕಸಿಯುವ ಕಡಲ ಹಕ್ಕಿಗಳು. ಇಷ್ಟೇ ಆಗಿದ್ದರೆ ಇಂಥ ಊರುಗಳು ಆ ದೇಶದಲ್ಲಿ ಬೇಕಾದಷ್ಟಿವೆ. ಆದರೆ ಬಂದರಿನಿಂದ ಪೂರ್ವಕ್ಕೆ ತಿರುಗಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಕಡಲಂಚಿನಿಂದ ನೆಟ್ಟಗೆ ಎದ್ದ, ನಲವತ್ತು ಮೀಟರಿಗೂ ಮಿಕ್ಕಿ ಎತ್ತರದ, ಜೇನಿನ ಬಣ್ಣದ ಬಂಡೆಗೋಡೆ. ಸಂಜೆಯ ಬಿಸಿಲು ಬಿದ್ದಾಗ ಅದು ಒಳಗಿನಿಂದಲೇ ಹೊಳೆಯುವಂತೆ ಕಾಣುತ್ತದೆ. ಊರವರು ಇದನ್ನು ಈಸ್ಟ್ ಕ್ಲಿಫ್ ಎನ್ನುತ್ತಾರೆ. ದೂರದರ್ಶನ ನೋಡಿ ಬರುವವರ ಬಾಯಲ್ಲಿ ಮಾತ್ರ ಅದಕ್ಕೆ ಬೇರೆ ಹೆಸರು: 'ಬ್ರಾಡ್‌ಚರ್ಚ್ ಬಂಡೆ'.

ಬ್ರಾಡ್‌ಚರ್ಚ್ ಎಂಬ ಊರು ಭೂಪಟದಲ್ಲಿ ಇಲ್ಲ. ಅದು 2013ರ ಮಾರ್ಚ್-ಏಪ್ರಿಲ್‌ನಲ್ಲಿ ಐಟಿವಿ ವಾಹಿನಿಯಲ್ಲಿ ಸೋಮವಾರಕ್ಕೊಂದರಂತೆ ಎಂಟು ಕಂತುಗಳಲ್ಲಿ ಬಂದ ಪತ್ತೇದಾರಿ ಧಾರಾವಾಹಿಯ ಹೆಸರು. ಹನ್ನೊಂದು ವರ್ಷದ ಹುಡುಗನೊಬ್ಬನ ಶವ ಇದೇ ಬಂಡೆಯ ಬುಡದಲ್ಲಿ ಸಿಗುತ್ತದೆ. ಹೊರಗಿನಿಂದ ಬಂದ ಅಧಿಕಾರಿ ಅಲೆಕ್ ಹಾರ್ಡಿ ಮತ್ತು ಅದೇ ಊರಿನ ಪೊಲೀಸ್ ಅಧಿಕಾರಿಣಿ ಎಲ್ಲಿ ಮಿಲ್ಲರ್ ತನಿಖೆಗೆ ಇಳಿಯುತ್ತಾರೆ. ಬರೆದವರು ಕ್ರಿಸ್ ಚಿಬ್ನಾಲ್. ಪಕ್ಕದ ಬ್ರಿಡ್‌ಪೋರ್ಟ್ ಪಟ್ಟಣದಲ್ಲೇ ನೆಲೆಸಿದ್ದವರು. ಪಾತ್ರಧಾರಿಗಳಿಗೂ ಕೊಲೆಗಾರ ಯಾರೆಂದು ಮೊದಲೇ ಹೇಳಿರಲಿಲ್ಲವಂತೆ. ನೋಡದವರಿಗಾಗಿ ಇಲ್ಲಿಯೂ ಹೇಳುವುದು ಬೇಡ.

ಅಧಿಕಾರಿಗೆ 'ಹಾರ್ಡಿ' ಎಂಬ ಹೆಸರಿರುವುದೂ ಅರ್ಥವಿಲ್ಲದೆ ಅಲ್ಲ. ಡಾರ್ಸೆಟ್ ಎಂದರೆ ಕಾದಂಬರಿಕಾರ ಥಾಮಸ್ ಹಾರ್ಡಿಯ ನಾಡು. ಬ್ರಿಡ್‌ಪೋರ್ಟನ್ನು ಆತ ತನ್ನ ಕಥೆಗಳಲ್ಲಿ 'ಪೋರ್ಟ್ ಬ್ರೆಡಿ' ಎಂದು ಕರೆದ. ಕಾಲೇಜಿನಲ್ಲಿ ಇಂಗ್ಲಿಷ್ ಐಚ್ಛಿಕವಾಗಿ ಓದಿದ ತಂದೆತಾಯಂದಿರಿಗೆ ಅವನ 'ವೆಸೆಕ್ಸ್' ನೆನಪಿದ್ದೀತು. ಧಾರಾವಾಹಿಯ ಪೊಲೀಸರೂ ವೆಸೆಕ್ಸ್ ಪೊಲೀಸರೇ. ಬ್ರಿಡ್‌ಪೋರ್ಟಿಗೆ ಇನ್ನೊಂದು ಹಳೆಯ ಖ್ಯಾತಿಯೂ ಉಂಟು: ಹಗ್ಗ ಮತ್ತು ಬಲೆ. ಹಡಗಿನ ಹಗ್ಗದ ಜೊತೆಗೆ ನೇಣಿನ ಹಗ್ಗಕ್ಕೂ ಊರು ಹೆಸರಾಗಿತ್ತು. ಗಲ್ಲಿಗೇರಿದವನನ್ನು 'ಬ್ರಿಡ್‌ಪೋರ್ಟ್ ಕಠಾರಿಯ ತಿವಿತ ತಿಂದವ' ಎನ್ನುತ್ತಿದ್ದರು. ಪತ್ತೇದಾರಿ ಕಥೆ ಹುಟ್ಟಲು ಇದಕ್ಕಿಂತ ಒಳ್ಳೆಯ ಊರು ಬೇಕೆ?

ಈಗ ಪ್ರಶಸ್ತಿಗಳ ಮಾತು. 2014ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆದ ಬಾಫ್ಟಾ ದೂರದರ್ಶನ ಪ್ರಶಸ್ತಿ ಸಮಾರಂಭದಲ್ಲಿ 'ಬ್ರಾಡ್‌ಚರ್ಚ್' ಮೂರು ಪ್ರಶಸ್ತಿ ಗೆದ್ದಿತು. ಅತ್ಯುತ್ತಮ ಧಾರಾವಾಹಿ, ಅತ್ಯುತ್ತಮ ನಟಿಯಾಗಿ ಒಲಿವಿಯಾ ಕೋಲ್ಮನ್, ಅತ್ಯುತ್ತಮ ಪೋಷಕ ನಟನಾಗಿ ಡೇವಿಡ್ ಬ್ರಾಡ್ಲಿ. ಅದಕ್ಕೆ ಮುಂಚೆ ಏಪ್ರಿಲ್‌ನಲ್ಲಿ ತಾಂತ್ರಿಕ ವಿಭಾಗದ ಬಾಫ್ಟಾದಲ್ಲಿ ಐಸ್‌ಲ್ಯಾಂಡಿನ ಓಲಾವರ್ ಆರ್ನಾಲ್ಡ್ಸ್‌ಗೆ ಸಂಗೀತದ ಪ್ರಶಸ್ತಿ ಬಂದಿತ್ತು. ಅಮೆರಿಕದ ಪೀಬಡಿ ಪ್ರಶಸ್ತಿಯೂ ದಕ್ಕಿತು. ಸೋಜಿಗವೆಂದರೆ ನಾಯಕ ಡೇವಿಡ್ ಟೆನೆಂಟ್ ಆ ವರ್ಷದ ಬಾಫ್ಟಾ ನಾಯಕನಟರ ನಾಮನಿರ್ದೇಶನದ ಪಟ್ಟಿಯಲ್ಲೇ ಇರಲಿಲ್ಲ! ವೀಕ್ಷಕರ ಮತದಿಂದ ಕೊಡುವ ಪ್ರಶಸ್ತಿಗೆ ಧಾರಾವಾಹಿಯ ಹೆಸರಿತ್ತು. ಅದನ್ನು ಗೆದ್ದದ್ದು 'ಡಾಕ್ಟರ್ ಹೂ' ಸರಣಿಯ ವಿಶೇಷ ಕಂತು. ಅದರಲ್ಲೂ ಟೆನೆಂಟ್ ಇದ್ದರು ಎಂಬುದು ತಮಾಷೆ.

ಈ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಬ್ರಾಡ್ಲಿಯವರ ಪ್ರಶಸ್ತಿ ಎನ್ನಬೇಕು. ಹ್ಯಾರಿ ಪಾಟರ್ ಚಿತ್ರಗಳಲ್ಲಿ ಬೆಕ್ಕು ಹಿಡಿದು ತಿರುಗುವ ಸಿಡುಕು ಮುಖದ ಫಿಲ್ಚ್ ಮಕ್ಕಳಿಗೆಲ್ಲ ಗೊತ್ತು, ಅವರೇ ಇವರು. ಇಲ್ಲಿ ಅವರದು ಪತ್ರಿಕೆ ಮಾರುವ, ಹುಡುಗರಿಗೆ ಕಡಲ ಸ್ಕೌಟ್ ತರಬೇತಿ ಕೊಡುವ ವೃದ್ಧನ ಪಾತ್ರ. ಯಾವ ತಪ್ಪೂ ಮಾಡದ ಆತನ ಮೇಲೆ ಊರಿನ ಅನುಮಾನ ತಿರುಗುತ್ತದೆ. ಪತ್ರಿಕೆಗಳು ಹಳೆಯದನ್ನು ಕೆದಕುತ್ತವೆ, ಜನ ಅಂಗಡಿಯ ಮುಂದೆ ಸೇರುತ್ತಾರೆ. ಕೊನೆಗೆ ಆ ಜೀವ ಉಳಿಯುವುದಿಲ್ಲ. ಕೊಲೆಗಾರ ಯಾರೆಂದು ತಿಳಿದ ಮೇಲೂ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಆ ಮುದುಕನ ಮುಖವೇ.

ಇಷ್ಟೆಲ್ಲ ಗೆದ್ದ ಕಥೆಯನ್ನು ಅಮೆರಿಕದವರು 2014ರಲ್ಲಿ 'ಗ್ರೇಸ್‌ಪಾಯಿಂಟ್' ಎಂಬ ಹೆಸರಿನಲ್ಲಿ ಮತ್ತೆ ತೆಗೆದರು. ಅದೇ ಕಥೆ, ಅದೇ ಟೆನೆಂಟ್. ಉಚ್ಚಾರಣೆ ಮಾತ್ರ ಅಮೆರಿಕದ್ದು. ಕಥೆಯ ಊರು ಕ್ಯಾಲಿಫೋರ್ನಿಯಾ, ಚಿತ್ರೀಕರಣ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ. ಹತ್ತು ಕಂತಿಗೇ ಅದು ಮುಗಿಯಿತು. ಇಂಗ್ಲಿಷ್ ಮೂಲವಾದರೋ 2015 ಮತ್ತು 2017ರಲ್ಲಿ ಇನ್ನೆರಡು ಭಾಗ ಕಂಡಿತು. ಕಾರಣ ನೂರಿರಬಹುದು. ಅಮೆರಿಕಕ್ಕೆ ಒಯ್ಯಲಾಗದೆ ಹೋದದ್ದು ಈ ಬಂಡೆ ಎಂಬುದಂತೂ ಕಣ್ಣಿಗೆ ಕಾಣುವ ಸತ್ಯ.

ಹತ್ತಿರ ಹೋಗಿ ನೋಡಿದರೆ ಬಂಡೆಯ ಮೈ ಅಡ್ಡಡ್ಡ ಪಟ್ಟಿ ಹಾಕಿದಂತಿದೆ. ಮುಂಚಾಚಿದ ಒಂದು ಪದರ, ಒಳಸರಿದ ಇನ್ನೊಂದು ಪದರ, ಹೀಗೆ ತಳದಿಂದ ತುದಿಯವರೆಗೆ. ಇದು ಸುಮಾರು 18 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಮರಳು. ಕೆಲವು ಪದರಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸಿಮೆಂಟಿನಂತೆ ಕಣಗಳನ್ನು ಹಿಡಿದಿದೆ, ಅವು ಗಟ್ಟಿ. ನಡುವಿನವು ಸಡಿಲ, ಬೆರಳಲ್ಲಿ ಉಜ್ಜಿದರೂ ಉದುರುವಂಥವು. ಹಳದಿ ಬಣ್ಣಕ್ಕೆ ಕಾರಣ ಕಬ್ಬಿಣದ ಅಂಶ ಗಾಳಿಗೆ ತುಕ್ಕು ಹಿಡಿದಿರುವುದು. ನೆಲದಾಳದಲ್ಲಿ ಗಾಳಿ ಸೋಕದ ಇದೇ ಮರಳಿನ ಬಣ್ಣ ನೀಲಿ-ಬೂದು. ಪೂರ್ವ ಡಾರ್ಸೆಟ್ಟಿನ ವಿಚ್ ಫಾರ್ಮ್ ತೈಲಕ್ಷೇತ್ರದಲ್ಲಿ ಎಣ್ಣೆ ಅಡಗಿರುವ ಪದರಗಳಲ್ಲಿ ಇದೂ ಒಂದು. ಈ ಬಂಡೆ ಸೇರಿದಂತೆ ಸುಮಾರು 150 ಕಿ.ಮೀ. ಉದ್ದದ 'ಜುರಾಸಿಕ್ ಕರಾವಳಿ'ಯನ್ನು 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗಟ್ಟಿ-ಸಡಿಲಗಳ ಈ ಜೋಡಣೆಯಿಂದಲೇ ಬಂಡೆಗೆ ಚೆಲುವು, ಅದರಿಂದಲೇ ಅಪಾಯ. ಕೆಳಗಿನಿಂದ ಅಲೆ ಬುಡವನ್ನು ಕೊರೆಯುತ್ತದೆ. ಮೇಲಿನಿಂದ ಮಳೆನೀರು ಬಿರುಕುಗಳಲ್ಲಿ ಇಳಿಯುತ್ತದೆ. ಸಡಿಲ ಮರಳು ಉದುರಿದಾಗ ಗಟ್ಟಿ ಪದರಕ್ಕೆ ಆಧಾರ ತಪ್ಪಿ, ಒಂದು ದಿನ ಇಡೀ ಮುಖವೇ ಕಳಚಿ ಬೀಳುತ್ತದೆ. ಯಾವ ದಿನವೆಂದು ಹೇಳುವವರಿಲ್ಲ. ಮಳೆಗಾಲವೇ ಆಗಬೇಕೆಂದೂ ಇಲ್ಲ. ಧಾರಾವಾಹಿಯ ಹುಡುಗ ಬಂಡೆಯಿಂದ ಬಿದ್ದು ಸತ್ತದ್ದಲ್ಲ ಎಂಬುದು ತನಿಖೆಯಲ್ಲಿ ಬೇಗನೆ ಗೊತ್ತಾಗುತ್ತದೆ. ಆದರೆ 2012ರ ಜುಲೈಯಲ್ಲಿ, ಅಂದರೆ ಧಾರಾವಾಹಿಯ ಚಿತ್ರೀಕರಣ ನಡೆದ ವರ್ಷವೇ, ಇಲ್ಲಿಂದ ಎರಡು-ಮೂರು ಕಿ.ಮೀ. ಪೂರ್ವಕ್ಕೆ ಬರ್ಟನ್ ಬ್ರಾಡ್‌ಸ್ಟಾಕ್ ಬಳಿ ಇಂಥದೇ ಬಂಡೆ ಕುಸಿದು, ರಜೆ ಕಳೆಯಲು ಬಂದಿದ್ದ ಯುವತಿಯೊಬ್ಬಳು ಮಣ್ಣಿನಡಿ ಸತ್ತಳು. 2021ರ ಏಪ್ರಿಲ್‌ನಲ್ಲಿ ಪಶ್ಚಿಮದ ಸೀಟೌನ್ ಬಳಿ ಒಮ್ಮೆಗೇ ಸುಮಾರು 4,000 ಟನ್ ಕುಸಿಯಿತು.

ಹತ್ತನೇ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ ಒಂದಿದೆ. ನಿಶ್ಚಲ ಸ್ಥಿತಿಯಿಂದ ಬೀಳುವ ಕಲ್ಲು ಮೂರು ಸೆಕೆಂಡಿನಲ್ಲಿ ಕ್ರಮಿಸುವ ದೂರ, ಗಾಳಿಯ ತಡೆ ಬಿಟ್ಟರೆ, 44 ಮೀಟರ್. ಹೆಚ್ಚುಕಡಿಮೆ ಈಸ್ಟ್ ಕ್ಲಿಫ್‌ನ ಎತ್ತರವೇ ಅದು. ಆಗಿನ ವೇಗ ಗಂಟೆಗೆ ನೂರು ಕಿ.ಮೀ. ಮೀರುತ್ತದೆ. ತುದಿಯಲ್ಲಿ ಸದ್ದಾಯಿತೆಂದು ತಲೆಯೆತ್ತಿ ನೋಡಿ, ಏನೆಂದು ತಿಳಿದು, ಮಗುವಿನ ಕೈ ಹಿಡಿದು ಓಡಲು ಸಿಗುವ ಸಮಯ ಈ ಮೂರು ಸೆಕೆಂಡು. ಬುಡದಿಂದ ದೂರವಿರಿ ಎಂಬ ಫಲಕಗಳನ್ನು ಹಾಕಿದ್ದಾರೆ. ಆದರೂ ಶವ ಸಿಕ್ಕ ದೃಶ್ಯದ ಜಾಗ ಹುಡುಕಿಕೊಂಡು ಬುಡಕ್ಕೇ ಹೋಗಿ ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚುವ ಸಂಸಾರಗಳೂ ಇವೆ.

ಈ ಕರಾವಳಿಯ ಗುಣ ಅರಿತಿದ್ದವಳು ಪಶ್ಚಿಮದ ಲೈಮ್ ರೀಜಿಸ್ ಊರಿನ ಮೇರಿ ಆ್ಯನಿಂಗ್. ಬಡ ಬಡಗಿಯ ಮಗಳು, ಶಾಲೆ ಕಂಡದ್ದು ಕಡಿಮೆ. ಚಳಿಗಾಲದ ಕುಸಿತಗಳ ನಂತರ ಹೊಸದಾಗಿ ಬಯಲಾದ ಕಲ್ಲುಗಳಲ್ಲಿ ಹುಡುಕಿ, ಹನ್ನೆರಡು ವರ್ಷದ ಆಸುಪಾಸಿನಲ್ಲೇ ಅಣ್ಣನೊಂದಿಗೆ ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ಪಳೆಯುಳಿಕೆ ಹೊರತೆಗೆದಳು. 1833ರಲ್ಲಿ ಒಂದು ಕುಸಿತ ಆಕೆಯ ಕಣ್ಣೆದುರೇ ಅವಳ ನಾಯಿ ಟ್ರೇಯನ್ನು ಕೊಂದಿತು. ಆಕೆ ಕೂದಲೆಳೆಯಲ್ಲಿ ಪಾರಾದಳು. ಬದುಕಿದ್ದಾಗ ಆಕೆಗೆ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲ. ಆಕೆ ತೆಗೆದ ಪಳೆಯುಳಿಕೆಗಳ ಮೇಲೆ ಪ್ರಬಂಧ ಬರೆದವರು ಗಂಡಸರು.

ಹೋಗುವವರು ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಡಾರ್ಚೆಸ್ಟರಿಗೆ ರೈಲು ಹಿಡಿಯಬೇಕು. ಮುಂದಕ್ಕೆ ಬಸ್ಸು. ಬ್ರಿಡ್‌ಪೋರ್ಟಿನ ರೈಲುಮಾರ್ಗ 1975ರಲ್ಲೇ ಮುಚ್ಚಿತು. ಧಾರಾವಾಹಿಯ ಚರ್ಚನ್ನು ಮಾತ್ರ ಇಲ್ಲಿ ಹುಡುಕಬೇಡಿ. ಅದು ದೂರದ ಸಾಮರ್ಸೆಟ್ಟಿನ ಕ್ಲೀವ್‌ಡನ್ ಪಟ್ಟಣದಲ್ಲಿದೆ. ಬಂಡೆಯನ್ನು ನೋಡಲು ಒಳ್ಳೆಯ ಜಾಗ ಬಂದರಿನ ಕಟ್ಟೆ. ಅಲ್ಲಿಂದ ಇಡೀ ಗೋಡೆ ಒಂದೇ ನೋಟಕ್ಕೆ ಸಿಗುತ್ತದೆ, ತಲೆಯ ಮೇಲೆ ಏನೂ ಇರುವುದಿಲ್ಲ. ದಂಡೆಗೆ ಇಳಿಯುವುದಾದರೆ ಉಬ್ಬರ-ಇಳಿತದ ವೇಳೆ ಕೇಳಿಕೊಂಡು, ನೀರಿನ ಕಡೆಯೇ ನಡೆಯಬೇಕು. ಕಾಲಡಿಯ ನುಣುಪಾದ ಹರಳುಗಳು ಇಲ್ಲಿ ಬಟಾಣಿ ಗಾತ್ರದವು. ಇದೇ ಚೆಸಿಲ್ ದಂಡೆ ಸುಮಾರು 29 ಕಿ.ಮೀ. ಸಾಗಿ ಪೋರ್ಟ್‌ಲ್ಯಾಂಡ್ ತಲುಪುವಾಗ ಅವು ಆಲೂಗಡ್ಡೆಯಷ್ಟಾಗಿರುತ್ತವೆ. ಕತ್ತಲಲ್ಲಿ ದಡ ಸೇರಿದ ಹಿಂದಿನ ಮೀನುಗಾರರು ಕಲ್ಲು ಮುಟ್ಟಿ ನೋಡಿಯೇ ಎಲ್ಲಿಗೆ ಬಂದೆವೆಂದು ತಿಳಿಯುತ್ತಿದ್ದರಂತೆ. ಮಕ್ಕಳು ಆಯ್ದು ಆಡಬಹುದು, ಜೇಬಿಗೆ ಹಾಕಿಕೊಂಡು ಬರುವಂತಿಲ್ಲ.