ಮಾಮಾನ ಆವಗಿ, ನನ್ನ ಬಿಲ್ಲೆ

ಗೋಕಾಕದಿಂದ ಮೂಡಲಗಿ ದಾಟಿ ಯಾದವಾಡದ ಕಡೆ ಹೊರಟರೆ ಸಿಮೆಂಟ್ ಫ್ಯಾಕ್ಟರಿಯ ಗೋಪುರ ದೂರದಿಂದಲೇ ಕಾಣುತ್ತೆ. ಸಿಮೆಂಟ್ ಗೂಡಿನೊಳಗೆ ಸುಣ್ಣದ ಕಲ್ಲು ಸುಮಾರು 1450 ಡಿಗ್ರಿಯಲ್ಲಿ ಬೇಯಬೇಕು. ಕರೆಂಟ್ ಕಂಬದ ಮೇಲಿನ ಪಿಂಗಾಣಿ ಬುಗುಟಿಗೆ 1200 ಡಿಗ್ರಿಗಿಂತ ಮೇಲೆ. ಹುಕ್ಕೇರಿ ಹತ್ತಿರದ ನಮ್ಮ ಮಾಮಾನ ಗಡಿಗೆಗೆ ಏಳೆಂಟುನೂರು ಸಾಕು. ಒಟ್ಟಿನಲ್ಲಿ ಮಣ್ಣು, ಕಲ್ಲು, ಪುಡಿ ಯಾವುದನ್ನೇ ಗಟ್ಟಿ ಮಾಡಬೇಕಾದರೂ ಬೆಂಕಿ ಬೇಕು ಅಂತಲೇ ನಾವೆಲ್ಲ ಕಲಿತದ್ದು.

ನನ್ನ ಕೆಲಸ ಬೆಂಗಳೂರಿನಲ್ಲಿ, ಮಟೀರಿಯಲ್ಸ್ ಲ್ಯಾಬ್ ಒಂದರಲ್ಲಿ. ಏನ್ ಮಾಡ್ತೀಯಾ ಅಂತ ಯಾರಾದರೂ ಕೇಳಿದರೆ "ಪುಡಿ ಒತ್ತಿ ಬಿಲ್ಲೆ ಮಾಡ್ತೀನಿ" ಅಂತೀನಿ. ಸುಳ್ಳಲ್ಲ. ಪುಡಿಯನ್ನು ಪೂರ್ತಿ ಕರಗಿಸದೆ, ಕಣಕ್ಕೆ ಕಣ ಬೆಸೆದು ಗಟ್ಟಿ ಮಾಡೋದಕ್ಕೆ ಸಿಂಟರಿಂಗ್ ಅಂತಾರೆ. ಅದನ್ನು ಇಡ್ಲಿ ಪಾತ್ರೆಗಿಂತ ಸ್ವಲ್ಪವೇ ಹೆಚ್ಚು ಬಿಸಿಯಲ್ಲಿ ಮಾಡಬಹುದು ಅನ್ನೋದು ಕಳೆದ ಹತ್ತು-ಹನ್ನೆರಡು ವರ್ಷದ ಸುದ್ದಿ.

ಇದು ಯಾಕೆ ದೊಡ್ಡ ವಿಷಯ ಅಂದರೆ, ಸೆರಾಮಿಕ್ಕಿಗೂ ಪ್ಲಾಸ್ಟಿಕ್ಕಿಗೂ ಜಾತಕ ಕೂಡಿಬರಲ್ಲ. ಅಲ್ಯುಮಿನಾ ಬೇಯೋದು 1500 ಡಿಗ್ರಿಯ ಆಸುಪಾಸಿನಲ್ಲಿ. ಬಿಸಿಗೆ ಗಟ್ಟಿ ಅನ್ನಿಸಿಕೊಂಡ ಟೆಫ್ಲಾನ್ ಕೂಡ 327ಕ್ಕೇ ಕರಗುತ್ತೆ. ಎರಡನ್ನೂ ಒಂದೇ ಗೂಡಿಗೆ ಹಾಕಿದರೆ ಪಾಲಿಮರ್ ಹೊಗೆಯಾಗಿ ಹೋಗುತ್ತೆ. ಹಾಗಾಗಿ ಇಷ್ಟು ದಿನ ನಾವು ಮಾಡ್ತಿದ್ದದ್ದು ಕರದಂಟು. ಗೋಕಾಕದವರು ನಗಬಹುದು, ಆದರೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಗೋಡಂಬಿ, ಬಾದಾಮಿ, ಉತ್ತತ್ತಿ ಚೂರುಗಳು, ಅವನ್ನು ಹಿಡಿದಿಡೋಕೆ ಬೆಲ್ಲದ ಪಾಕ, ಕರಿದ ಅಂಟು. ಗೋಡಂಬಿ ಬಾದಾಮಿಗೆ ಅಂಟಿರಲ್ಲ, ಇಬ್ಬರೂ ಪಾಕಕ್ಕೆ ಅಂಟಿರ್ತಾರೆ. ಈಗಿನ ಲೈನ್‌ಗಳಲ್ಲಿ ಪಿಂಗಾಣಿ ಬದಲು ಬರ್ತಿರೋ ಬೂದು ಬಣ್ಣದ ಸಿಲಿಕೋನ್ ರಬ್ಬರ್ ಇನ್ಸುಲೇಟರ್ ಇದೆಯಲ್ಲ, ಅದೂ ಹೀಗೇ: ರಬ್ಬರಿನೊಳಗೆ ಅಲ್ಯುಮಿನಾ ಟ್ರೈಹೈಡ್ರೇಟ್ ಪುಡಿ. ಒಳ್ಳೆ ವಸ್ತುವೇ. ಆದರೆ ಅಲ್ಲಿ ಯಜಮಾನ ರಬ್ಬರ್, ಸೆರಾಮಿಕ್ ಬರೀ ಬಾಡಿಗೆದಾರ.

ಹೊಸ ದಾರಿ ಇದನ್ನು ತಿರುವು ಮುರುವು ಮಾಡುತ್ತೆ. ಅದು ಹೇಗೆ ಅಂತ ತಿಳಿಯೋಕೆ ಮಳೆಗಾಲದ ಉಪ್ಪಿನ ಭರಣಿ ನೋಡಿ. ಗಾಳಿಯ ತೇವಕ್ಕೆ ಹರಳುಗಳ ಅಂಚು ಚೂರೇ ಚೂರು ಕರಗುತ್ತೆ. ಬಿಸಿಲು ಬಿದ್ದ ದಿನ ನೀರು ಆರಿ, ಕರಗಿದ್ದ ಉಪ್ಪು ಹರಳುಗಳ ನಡುವೆಯೇ ಮತ್ತೆ ಹರಳಾಗುತ್ತೆ. ಮರುದಿನ ಚಮಚ ಹಾಕಿದರೆ ಕಲ್ಲು. ಅಂಟಿಲ್ಲ, ಬೆಂಕಿಯಿಲ್ಲ. ಇದಕ್ಕೇ ಭಾರಿ ಒತ್ತಡ, ಒಂದಿಷ್ಟು ಬಿಸಿ ಸೇರಿಸಿದರೆ ಕೋಲ್ಡ್ ಸಿಂಟರಿಂಗ್. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದವರು 2014ರಲ್ಲಿ ಲಿಥಿಯಂ ಮಾಲಿಬ್ಡೇಟ್ ಪುಡಿಯನ್ನು ನೀರು ಹಾಕಿ, ಒತ್ತಿ, ಕೋಣೆಯ ಬಿಸಿಯಲ್ಲೇ ಗಟ್ಟಿ ಮಾಡಿ ತೋರಿಸಿದರು. 2016ರಲ್ಲಿ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಕ್ಲೈವ್ ರಾಂಡಲ್ ಅವರ ತಂಡ ಅದೇ ಪುಡಿಗೆ ಟೆಫ್ಲಾನ್ ಬೆರೆಸಿ 120 ಡಿಗ್ರಿಯಲ್ಲಿ ಒಂದೇ ತುಂಡು ಮಾಡಿತು. ಈಗ ಸೆರಾಮಿಕ್ ಕಣಗಳು ತಮ್ಮತಮ್ಮಲ್ಲೇ ಬೆಸೆದುಕೊಂಡಿವೆ, ಪಾಲಿಮರ್ ಸಂದಿಯಲ್ಲಿ ಕೂತಿದೆ.

ಸಂದಿಯಲ್ಲಿ ಕೂತು ಏನು ಮಾಡುತ್ತೆ? ಇಲ್ಲಿಂದ ನಾನು ಹುಕ್ಕೇರಿಗೆ ಹೋಗ್ತೀನಿ. ಅಲ್ಲಿ ಕರೆಂಟ್ ಹಂಚೋದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಜನರೇ ಸದಸ್ಯರಾಗಿರೋ ಕರೆಂಟ್ ಸಂಘ ಅಂತ ನನ್ನ ಆಫೀಸಿನಲ್ಲಿ ಹೇಳಿದರೆ ಯಾರೂ ನಂಬಲ್ಲ! ಇರಲಿ. ಕರೆಂಟ್ ಲೈನ್‌ಗೆ ಸಿಡಿಲಿನಿಂದ ರಕ್ಷಣೆ ಕೊಡೋ ಅರೆಸ್ಟರ್ ಒಳಗೆ ಇರೋದು ಜಿಂಕ್ ಆಕ್ಸೈಡ್ ಬಿಲ್ಲೆಗಳು. ಮಾಮೂಲಿ ವೋಲ್ಟೇಜ್‌ಗೆ ಅವು ಬಾಗಿಲು ಹಾಕಿಕೊಂಡಿರುತ್ತವೆ; ಸಿಡಿಲಿನ ಹೊಡೆತ ಬಂದರೆ ಬಾಗಿಲು ತೆಗೆದು ಕರೆಂಟನ್ನು ನೆಲಕ್ಕೆ ಬಿಡುತ್ತವೆ. ಆ ಬಾಗಿಲು ಇರೋದು ಕಣದೊಳಗಲ್ಲ, ಕಣಗಳ ನಡುವಿನ ತೆಳು ಪದರದಲ್ಲಿ. ಸಾಮಾನ್ಯವಾಗಿ ಆ ಬಿಲ್ಲೆಗೆ 1000 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಪೆನ್ ಸ್ಟೇಟ್‌ನವರು 2018ರಲ್ಲಿ ಆ ಪದರಕ್ಕೆ ಟೆಫ್ಲಾನ್ ಇಟ್ಟು, 285 ಡಿಗ್ರಿಯಲ್ಲಿ ಅಂಥದ್ದೇ ಗುಣದ ಬಿಲ್ಲೆ ಮಾಡಿದರು. ಲ್ಯಾಬಿನ ಬಿಲ್ಲೆ, ಕಂಬ ಹತ್ತೋದು ದೂರದ ಮಾತು. ಆದರೂ ಆ ಪೇಪರ್ ಓದಿದ ದಿನ ನನಗೆ ಮಾಮಾನ ಮನೆ ಮುಂದಿನ ಕಂಬವೇ ನೆನಪಾದದ್ದು.

ಮಾಮಾನಿಗೆ ಅರವತ್ತಾರು. ನಲವತ್ತು ವರ್ಷದ ಹೊಗೆ ಎದೆಯಲ್ಲಿದೆ. ಆವಗಿ ಹತ್ತಿರ ಹೋಗಬೇಡಿ ಅಂತ ಡಾಕ್ಟರ್ ಹೇಳಿ ಎರಡು ವರ್ಷವಾಯ್ತು. ಯುಗಾದಿಗೆ ಹೋದಾಗ ನಾನು ಇದನ್ನೆಲ್ಲ ಹೇಳ್ತಾ ಕೂತಿದ್ದೆ. ಸುಮ್ಮನೆ ಕೇಳಿ, ಕೊನೆಗೆ, "ಹಂಗಾರ ಬೆಂಕಿ ಇಲ್ದ ಗಡಿಗಿ ಆಕ್ಕೈತೇನವ್ವಾ?" ಅಂದ.

ಅದು ಕುತೂಹಲದ ಪ್ರಶ್ನೆ ಆಗಿರಲಿಲ್ಲ. ಅವನ ಮಗ ಗಡಿಗೆ ಮಾಡೋದು ಮುಂದುವರಿಸಬೇಕೋ ಬೇಡವೋ ಅನ್ನೋದು ಅದರೊಳಗಿತ್ತು. ಹಾಗಾಗಿ ಸಂಭ್ರಮದ ಹೆಡ್‌ಲೈನ್ ಉತ್ತರ ಕೊಡೋಕೆ ಆಗಲಿಲ್ಲ. ಮೊಬೈಲ್ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಈ ಕೆಲಸಕ್ಕೆ ಬೇಕಾದ ಒತ್ತಡ 300 ಮೆಗಾಪಾಸ್ಕಲ್ ಅಂತಿಟ್ಟುಕೊಳ್ಳಿ. ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ 3 ಟನ್. ನಾನು ಮಾಡೋ ಬಿಲ್ಲೆ ಉಗುರಿನಷ್ಟು, ಹೇಗೋ ನಡೆಯುತ್ತೆ. ಒಂದು ಅಡಿ ಚೌಕದ ಟೈಲ್ ಮಾಡಬೇಕು ಅಂದರೆ ಸುಮಾರು 2800 ಟನ್. ಕಬ್ಬು ತುಂಬಿದ ನೂರು ಲಾರಿ ಒಂದರ ಮೇಲೊಂದು ನಿಲ್ಲಿಸಿದ ಹಾಗೆ. ಗಡಿಗೆ ಬೇರೆ ದುಂಡಗೆ, ಒಳಗೆ ಖಾಲಿ. ಅಚ್ಚಿನಲ್ಲಿಟ್ಟು ಒತ್ತೋ ಆಕಾರವೇ ಅಲ್ಲ. ಅದಕ್ಕಿಂತ ಮುಖ್ಯ, ಕುಂಬಾರನ ಮಣ್ಣು ನೀರಿಗೆ ಕರಗದ ಹಾಗೆ ಆಗೋದು ಬೆಂಕಿಯಲ್ಲಿ ಅದರ ಒಳಗಿನ ರಚನೆಯೇ ಬದಲಾಗೋದರಿಂದ. 120 ಡಿಗ್ರಿಗೆ ಅದು ಬರೀ ಒಣಗುತ್ತೆ.

"ಇಲ್ರೀ ಮಾಮಾ, ಗಡಿಗಿಗೆ ಆಗೂದಿಲ್ಲ" ಅಂದೆ.

"ಅಷ್ಟು ಭಾರ ಹೇರೂದಕಿಂತ ಒಂದು ಹೊರಿ ಕಟಗಿ ಸೋವಿ ಬಿಡು" ಅಂತ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಅತ್ತಿ ಒಳಗಿಂದ ನೀರು ತಂದು ಕೊಟ್ಟಳು.

ಆಮೇಲೆ ಮಾತು ನಡೆದದ್ದು ಚಿಮಣಿ ಇಟ್ಟು ಆವಗಿ ಕಟ್ಟೋದಕ್ಕೆ ಎಷ್ಟು ಇಟ್ಟಿಗೆ ಬೇಕು ಅನ್ನೋದರ ಬಗ್ಗೆ. ಹೊಗೆ ಮುಖಕ್ಕೆ ಬರದೆ ಮೇಲಕ್ಕೆ ಹೋದರೂ ಅರ್ಧ ಕೆಲಸ ಆದ ಹಾಗೆ. ಖರ್ಚಿನ ಒಂದು ಪಾಲು ನನ್ನದು. ಜಾಗ ಮಾತ್ರ ಇನ್ನೂ ಗೊತ್ತಾಗಿಲ್ಲ: ಹಿತ್ತಲಲ್ಲಿ ಕಟ್ಟೋಣ ಅಂತ ಮಗ, ಗಾಳಿ ಸರಿ ಬೀಸಲ್ಲ ಅಂತ ಅಪ್ಪ.