ಕೋಳಿಗೂಡಿನ ಆಸ್ಪತ್ರೆ

ಪ್ರಾರ್ಥನೆ ದೊಡ್ಡದೋ, ಸೇವೆ ದೊಡ್ಡದೋ? ಕ್ರೈಸ್ತರನ್ನು ಬಹಳ ಕಾಲದಿಂದ ಕಾಡಿದ ಈ ಪ್ರಶ್ನೆಗೆ ಆಲ್ಬರ್ಟ್ ಶ್ವೈಟ್ಸರ್ ಬಾಳಿನಿಂದಲೇ ಉತ್ತರ ಕೊಟ್ಟರು.

ಪಾದ್ರಿಯ ಮಗನಾದ ಅವರು 1896ರಲ್ಲಿ, 21ನೆಯ ವಯಸ್ಸಿನಲ್ಲಿ, ಒಂದು ನಿರ್ಧಾರ ಮಾಡಿದರು: ಮೂವತ್ತರವರೆಗೆ ಓದು, ಸಂಗೀತ, ಧರ್ಮಬೋಧನೆ, ಆಮೇಲೆ ಮನುಷ್ಯರ ನೇರ ಸೇವೆ. 1905ರಲ್ಲಿ ಮಾತು ಉಳಿಸಿಕೊಂಡರು. ಧರ್ಮಶಾಸ್ತ್ರ ಕಲಿಸುತ್ತಿದ್ದ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲೇ ವೈದ್ಯಕೀಯದ ವಿದ್ಯಾರ್ಥಿಯಾದರು.

ಆದರೆ ಪ್ಯಾರಿಸ್ಸಿನ ಮಿಷನ್ ಸಂಸ್ಥೆಗೆ ಅವರ ಧಾರ್ಮಿಕ ವಿಚಾರಗಳು ಹಿಡಿಸಲಿಲ್ಲ. ಚಿಕಿತ್ಸೆ ಮಾತ್ರ ಮಾಡುತ್ತೇನೆ, ಬೋಧಿಸುವುದಿಲ್ಲ ಎಂದು ಒಪ್ಪಿಕೊಂಡೇ 1913ರಲ್ಲಿ ಆಫ್ರಿಕದ ಗ್ಯಾಬನ್ನಿಗೆ, ಲಂಬರೆನೆ ಎಂಬ ಊರಿಗೆ ಹೋದರು. ಹಳೆಯ ಕೋಳಿಗೂಡೇ ಮೊದಲ ಆಸ್ಪತ್ರೆ. ಪತ್ನಿ ಹೆಲೆನ್ ದಾದಿ. ಮುಂದೆ ಅಲ್ಲಿನ ಮಿಷನರಿಗಳೇ ಅವರನ್ನು ಬೋಧಿಸಲು ಕರೆದರು. ಕೇಳದೆಯೇ ಬಾಗಿಲು ತೆರೆಯಿತು!

ಹಾಗೆಂದು ಸೇವೆಯ ಗಡಿಬಿಡಿಯಲ್ಲಿ ಆರಾಧನೆ ಬತ್ತಲಿಲ್ಲ. ಬಿಡುವು ಸಿಕ್ಕಾಗ, ಆರ್ಗನ್ ಪೆಡಲ್ ಜೋಡಿಸಿದ ಪಿಯಾನೊದಲ್ಲಿ ಬಾಖ್‌ನ ಸಂಗೀತ ನುಡಿಸುತ್ತಿದ್ದರು.

ಉಸಿರನ್ನು ಒಳಗೆಳೆದುಕೊಂಡರಷ್ಟೇ ಸಾಲದು, ಹೊರಗೂ ಬಿಡಬೇಕು. ಆರಾಧನೆ, ಸೇವೆಗಳ ನಂಟೂ ಅಂಥದೇ. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ.

ಮಕ್ಕಳಿಗೆ ಕೈಮುಗಿಯುವುದನ್ನು ಕಲಿಸುವ ತಂದೆತಾಯಿ, ಮುಗಿದ ಆ ಪುಟ್ಟ ಕೈಗಳಿಗೆ ಪರರಿಗಾಗಿ ದಿನಕ್ಕೊಂದು ಕೆಲಸವನ್ನೂ ಕೊಡಲಿ.